ಆಲ್-ಇನ್-ಒನ್ ಮ್ಯೂಸಿಕ್ ಸ್ಟ್ರೀಮರ್ ತಗೊಳ್ತಿದ್ದೀರಾ? ಮೊದಲು ಇಂಟರ್ನೆಟ್ ಕಿತ್ತು ನೋಡಿ

ನಮ್ಮ ಮನೆಯ ಸ್ಪೀಕರ್‌ಗಳು ಚೆನ್ನಾಗಿವೆ. ಅವನ್ನು ನಡೆಸುವ ಆಂಪ್ಲಿಫೈಯರ್ ಸರ್ಕ್ಯೂಟ್ ಕೂಡ ಚೆನ್ನಾಗಿದೆ, ರಿಪೇರಿಯವರು ಬಿಚ್ಚಿ ನೋಡಿಯೇ ಹೇಳಿದರು. ಆದರೂ ಮೂರು ತಿಂಗಳು ಮನೆಯಲ್ಲಿ ಹಾಡು ಇರಲಿಲ್ಲ. ಸ್ಟ್ರೀಮರ್ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್‌ಗೆ ಮಾತ್ರ ವಯಸ್ಸಾಗಿತ್ತು, ಉಳಿದದ್ದೆಲ್ಲ ಅದರ ಜೊತೆಗೇ ಹೋಯಿತು.

ನಾಲ್ಕು ವರ್ಷದ ಹಿಂದೆ ಹಳೆಯ ಆಂಪ್ ತೆಗೆದು ಈ ಪೆಟ್ಟಿಗೆ ತಂದೆ. ಇಂಟರ್ನೆಟ್‌ನಿಂದ ಹಾಡು ತರುವ ಸ್ಟ್ರೀಮರ್, ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಡ್ಯಾಕ್, ಆಂಪ್ ಮೂರೂ ಒಂದರಲ್ಲೇ. ಎರಡು ಸ್ಪೀಕರ್‌ಗೆ ವೈರ್ ಹಾಕಿ ವೈಫೈಗೆ ಸೇರಿಸಿದರೆ ಕೆಲಸ ಮುಗಿಯಿತು. ಮುಂದುಗಡೆ ಒಂದೇ ಬಟನ್, ಅದರ ಸುತ್ತ ಬಳೆಯ ಹಾಗೆ ಒಂದು ಬೆಳಕು. ತಿರುಗಿಸುವ ನಾಬ್ ಇಲ್ಲ, ರಿಮೋಟ್ ಇಲ್ಲ, ಎಲ್ಲ ಫೋನಿನ ಆಪ್‌ನಲ್ಲೇ. ನೋಡಲು ತುಂಬಾ ಚೆಂದ ಇತ್ತು, ಅದಕ್ಕೇ ಮನಸೋತೆ. ಕಂಪನಿ ಹೆಸರು ಇಲ್ಲಿ ಬರೆಯುವುದಿಲ್ಲ. ಹೀಗೆ ಮಾಡಿರುವ ಯಾವ ಪೆಟ್ಟಿಗೆಗೆ ಬೇಕಾದರೂ ಈ ಗತಿ ಬರಬಹುದು.

ಎರಡು ವರ್ಷ ಯಾವ ತಕರಾರೂ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಪ್ಪ ದಿನಾ ಕೇಳುವ ರೇಡಿಯೋ ಸ್ಟೇಷನ್ ಪಟ್ಟಿಯಿಂದ ಮಾಯ. ವಿಚಾರಿಸಿದಾಗ ಗೊತ್ತಾಯಿತು: ಇಂಥ ಪೆಟ್ಟಿಗೆಗಳು ಸಾಮಾನ್ಯವಾಗಿ ಸ್ಟೇಷನ್ ಪಟ್ಟಿಯನ್ನು ತಾವೇ ಇಟ್ಟುಕೊಂಡಿರುವುದಿಲ್ಲ, ಬೇರೆ ಒಂದು ಸೇವೆಯಿಂದ ತರಿಸಿಕೊಳ್ಳುತ್ತವೆ. ಕಂಪನಿ ಆ ಸೇವೆಯನ್ನು ಬದಲಾಯಿಸಿದಾಗ ನಾವು ಉಳಿಸಿಟ್ಟಿದ್ದ ಸ್ಟೇಷನ್‌ಗಳೂ ಹೋದವು. ಅಪ್ಪ ಏನೂ ಹೇಳಲಿಲ್ಲ, ಸುಮ್ನೆ ಫೋನಿನಲ್ಲೇ ರೇಡಿಯೋ ಹಾಕಿಕೊಂಡು ಕಿವಿ ಹತ್ತಿರ ಹಿಡಿದು ಕೂತರು. ಅಷ್ಟು ಒಳ್ಳೆಯ ಸ್ಪೀಕರ್ ಎದುರಿಗೇ ಇದೆ, ಅಲ್ವಾ? ನನಗೆ ಅದನ್ನು ನೋಡಲಾಗಲಿಲ್ಲ. ಇನ್ನೊಂದು ವರ್ಷಕ್ಕೆ ನಾವು ದುಡ್ಡು ಕಟ್ಟುತ್ತಿದ್ದ ಸಂಗೀತ ಸೇವೆಗೆ ಲಾಗಿನ್ ಆಗುವುದು ನಿಂತಿತು.

ಕೊನೆಗೆ ಆಪ್ ಹೊಸದಾಯಿತು. ಹೊಸ ಆಪ್ ತೆರೆದರೆ ಮೊದಲು ಅಕೌಂಟ್ ಮಾಡಿ ಅಂತ ಕೇಳಿತು. ಮಾಡಿದೆ. ಆಮೇಲೆ ದುಂಡಗೆ ತಿರುಗುವ ಗುರುತು, ಕೆಳಗೆ ‘ಹುಡುಕುತ್ತಿದೆ’ ಅನ್ನುವ ಒಂದು ಸಾಲು, ಅಷ್ಟೇ. ನಾನು ಊರಲ್ಲಿಲ್ಲದಾಗ ಅಪ್ಪನಿಗೆ ಟಿವಿ ಶಬ್ದವೂ ಬರಲಿಲ್ಲ, ಏಕೆಂದರೆ ಟಿವಿಯ ಆಪ್ಟಿಕಲ್ ವೈರ್ ಕೂಡ ಇದಕ್ಕೇ ಬರುತ್ತಿತ್ತು, ಆ ಇನ್‌ಪುಟ್ ಆರಿಸುವುದು ಆಪ್‌ನಿಂದ ಮಾತ್ರ. ‘ಬಟನ್ ಒತ್ತಿದೆ ಕಣೋ, ಕಿತ್ತಳೆ ಬಣ್ಣ ಬರುತ್ತೆ, ಹತ್ತು ಸಲ ಮಿನುಗಿ ಆರಿಹೋಗುತ್ತೆ’ ಅಂದರು. ಎಣಿಸಿದ್ದರು. ಎಷ್ಟು ಸಲ ಪ್ರಯತ್ನ ಪಟ್ಟಿರಬೇಕು ನೋಡಿ.

ಕಂಪನಿಯ ಸಹಾಯವಾಣಿಗೆ ಬರೆದೆ. ಫ್ಯಾಕ್ಟರಿ ರೀಸೆಟ್ ಮಾಡಿ ಅಂದರು. ಮಾಡಿದೆ. ಅದೇ ಕಡೆಯ ಪೆಟ್ಟು. ರೀಸೆಟ್ ಆದ ಮೇಲೆ ಪೆಟ್ಟಿಗೆಯನ್ನು ಮತ್ತೆ ಅವರ ಸರ್ವರ್‌ನಲ್ಲಿ ನೋಂದಾಯಿಸಬೇಕು, ಆ ಸರ್ವರ್ ಈ ಮಾಡೆಲ್ ಅನ್ನು ಇನ್ನು ಒಪ್ಪುವುದಿಲ್ಲ. ‘ಈ ಮಾಡೆಲ್‌ಗೆ ಬೆಂಬಲ ನಿಂತಿದೆ, ಹೊಸದಕ್ಕೆ ರಿಯಾಯಿತಿ ಕೊಡುತ್ತೇವೆ’ ಅಂತ ಉತ್ತರ ಬಂತು. ರೀಸೆಟ್ ಮಾಡಿ ಅಂದವರಿಗೆ ಅದು ಮೊದಲೇ ಗೊತ್ತಿರಬೇಕಿತ್ತು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹೀಗೇಕೆ ಆಗುತ್ತದೆ ಅಂತ ತಿಳಿದುಕೊಂಡರೆ ಅಂಗಡಿಯಲ್ಲಿ ಏನು ಕೇಳಬೇಕೋ ಗೊತ್ತಾಗುತ್ತದೆ. ಫೋನಿನಿಂದ ಹಾಡು ಪೆಟ್ಟಿಗೆಗೆ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬ್ಲೂಟೂತ್‌ನಲ್ಲಿ ಅದು ನಿಜ. ಆದರೆ ಸಂಗೀತ ಸೇವೆಗಳು ಕೊಡುವ ಸ್ಪಾಟಿಫೈ ಕನೆಕ್ಟ್, ಟೈಡಲ್ ಕನೆಕ್ಟ್‌ಗಳಲ್ಲಿ ಫೋನು ಬರೀ ರಿಮೋಟ್. ಹಾಡನ್ನು ಸರ್ವರ್‌ನಿಂದ ಎಳೆದುಕೊಳ್ಳುವುದು ಪೆಟ್ಟಿಗೆಯೇ. ಅದಕ್ಕೇ ಫೋನ್ ಕರೆ ಬಂದರೂ ಹಾಡು ನಿಲ್ಲುವುದಿಲ್ಲ. ಆದರೆ ಅದಕ್ಕಾಗಿ ಪೆಟ್ಟಿಗೆಯೊಳಗೆ ಒಂದು ಪುಟ್ಟ ಕಂಪ್ಯೂಟರ್ ಇರಬೇಕು. ಅದಕ್ಕೆ ಲಾಗಿನ್ ಬೇಕು, ಅವಧಿ ಇರುವ ಭದ್ರತಾ ಸರ್ಟಿಫಿಕೇಟ್‌ಗಳು ಬೇಕು, ಸೇವೆಯವರು ನಿಯಮ ಬದಲಿಸಿದಾಗೆಲ್ಲ ಅಪ್‌ಡೇಟ್ ಬೇಕು. ಒಳ್ಳೆಯ ಆಂಪ್ ಇಪ್ಪತ್ತು ವರ್ಷ ಬಾಳುತ್ತದೆ. ಈ ಪುಟ್ಟ ಕಂಪ್ಯೂಟರ್ ಅಷ್ಟು ವರ್ಷ ಬಾಳುವುದಿಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿ ಬೆಸೆದರೆ ಕಡಿಮೆ ಆಯಸ್ಸಿನದ್ದೇ ಲೆಕ್ಕಕ್ಕೆ ಬರುತ್ತದೆ.

ದೊಡ್ಡವರಿಗೂ ಇದು ತಪ್ಪಿಲ್ಲ. ಸ್ಪೀಕರ್‌ಗೆ ಸಿಕ್ಕಿಸುವ ಪುಟ್ಟ ಸ್ಟ್ರೀಮರ್ ಕ್ರೋಮ್‌ಕಾಸ್ಟ್ ಆಡಿಯೋ ತಯಾರಿಕೆಯನ್ನು ಗೂಗಲ್ ನಿಲ್ಲಿಸಿದ್ದು 2019ರಲ್ಲಿ. 2025ರ ಮಾರ್ಚ್‌ನಲ್ಲಿ ಒಂದು ಸರ್ಟಿಫಿಕೇಟ್‌ನ ಅವಧಿ ಮುಗಿದು, ಜಗತ್ತಿನ ಎಲ್ಲ ಕಡೆ ಆ ಪುಟ್ಟ ಡಬ್ಬಿಗಳು ಒಟ್ಟಿಗೇ ಮುನಿಸಿಕೊಂಡವು. ಗೂಗಲ್ ಕೆಲವೇ ದಿನಗಳಲ್ಲಿ ಸರಿ ಮಾಡಿತು. ಸಣ್ಣ ಕಂಪನಿ ಆಗಿದ್ದರೆ ಯಾರು ಸರಿ ಮಾಡುತ್ತಿದ್ದರು? ಇದಕ್ಕೆ ತದ್ವಿರುದ್ಧ ಉದಾಹರಣೆಯೂ ಇದೆ. ಲಾಜಿಟೆಕ್ ಕಂಪನಿಯ ಸ್ಕ್ವೀಜ್‌ಬಾಕ್ಸ್ ಅನ್ನುವ ಸ್ಟ್ರೀಮರ್‌ನ ತಯಾರಿಕೆ ನಿಂತಿದ್ದು 2012ರಲ್ಲಿ, ಅದರ ಆನ್‌ಲೈನ್ ಸೇವೆ 2024ರಲ್ಲಿ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಇವತ್ತಿಗೂ ಹಾಡುತ್ತಿವೆ. ಅದರ ಸರ್ವರ್ ಸಾಫ್ಟ್‌ವೇರ್ ಓಪನ್ ಸೋರ್ಸ್, ಮನೆಯ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಬಳಸುವವರೇ ಅದನ್ನು ಸಾಕುತ್ತಿದ್ದಾರೆ.

ನಾನು ಕೊಳ್ಳುವಾಗ ನೋಡಿದ್ದೇ ಬೇರೆ. ಡಬ್ಬಿ ಮೇಲೆ 24 ಬಿಟ್, 192 ಕಿಲೋಹರ್ಟ್ಸ್ ಅಂತ ದೊಡ್ಡದಾಗಿ ಬರೆದಿತ್ತು. ಸಿಡಿ ಗುಣಮಟ್ಟ ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್. ಇವತ್ತಿನ ಹೆಚ್ಚಿನ ಪೆಟ್ಟಿಗೆಗಳು ಅದಕ್ಕಿಂತ ಜಾಸ್ತಿಯೇ ಕೊಡುತ್ತವೆ, ಆ ಅಂಕಿ ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ಪಕ್ಕದಲ್ಲಿ ಎಂಕ್ಯೂಎ ಅನ್ನುವ ಹಾಡಿನ ಫೈಲ್ ಮಾದರಿಯ ಲೋಗೋ ಇತ್ತು, ಅದಕ್ಕೂ ಆಸೆಪಟ್ಟಿದ್ದೆ. ಅದನ್ನು ಮಾಡಿದ ಕಂಪನಿ 2023ರಲ್ಲಿ ಹಣಕಾಸಿನ ಸಂಕಟಕ್ಕೆ ಸಿಕ್ಕಿತು, 2024ರ ಜುಲೈನಲ್ಲಿ ಟೈಡಲ್ ಕೂಡ ಅದನ್ನು ಬಿಟ್ಟು ಫ್ಲ್ಯಾಕ್ ಅನ್ನುವ ಇನ್ನೊಂದು ಮಾದರಿಗೆ ಹೋಯಿತು. ವ್ಯಾಟ್ ಲೆಕ್ಕವೂ ಅಷ್ಟೇ: 100 ವ್ಯಾಟ್ ಅಂದಿದ್ದು 4 ಓಮ್ ಸ್ಪೀಕರ್‌ಗೆ, ಶಬ್ದ ಒಡೆಯುವ ಮಟ್ಟದಲ್ಲಿ. ನನ್ನವು 8 ಓಮ್, ಸಿಗುವುದು ಸುಮಾರು ಅರ್ಧ. ಆದರೆ ವ್ಯಾಟ್ ಅರ್ಧಕ್ಕೆ ಇಳಿದರೆ ಶಬ್ದ 3 ಡೆಸಿಬೆಲ್ ಮಾತ್ರ ಕಡಿಮೆ, ಅದರಿಂದ ನನಗೇನೂ ಕೊರತೆ ಆಗಲಿಲ್ಲ.

ಕೊರತೆ ಆಗಿದ್ದು ಯಾವ ಡಬ್ಬಿಯೂ ದೊಡ್ಡದಾಗಿ ಬರೆಯದ ವಿಷಯದಲ್ಲಿ. ನನ್ನ ಹತ್ತಿರ ವೇದಿಕೆಯ ನೇರ ಕಾರ್ಯಕ್ರಮಗಳ ರೆಕಾರ್ಡಿಂಗ್ ತುಂಬಾ ಇವೆ. ಒಂದು ಟ್ರ್ಯಾಕ್ ಮುಗಿದು ಇನ್ನೊಂದಕ್ಕೆ ಹೋಗುವಾಗ ಚಪ್ಪಾಳೆ ಹರಿಯುತ್ತಲೇ ಇರಬೇಕು. ಈ ಪೆಟ್ಟಿಗೆಯಲ್ಲಿ ಚಪ್ಪಾಳೆ ಕತ್ತರಿ ಹಾಕಿದ ಹಾಗೆ ನಿಂತು, ಒಂದು ಕ್ಷಣ ಮೌನ, ಮತ್ತೆ ಚಪ್ಪಾಳೆ. ಸಭೆಯಿಂದ ಯಾರೋ ಎಳೆದು ಹೊರಗೆ ಹಾಕಿದ ಹಾಗೆ ಆಗುತ್ತದೆ. ಹೀಗೆ ತುಂಡಾಗದೆ ಹರಿಯುವುದನ್ನೇ ಗ್ಯಾಪ್‌ಲೆಸ್ ಅನ್ನುವುದು. ನಿಮ್ಮದೇ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ತಗೊಂಡು ಹೋಗಿ, ಅಲ್ಲೇ ಹಾಕಿ ಕೇಳಿ.

ಇನ್ನು ನನ್ನ ಮುಖ್ಯ ಮಾತು. ಪೆಟ್ಟಿಗೆ ತಂದ ಮೊದಲ ವಾರದಲ್ಲೇ, ವಾಪಸ್ ಕೊಡಲು ಅವಕಾಶ ಇರುವಾಗಲೇ, ರೂಟರ್‌ಗೆ ಬರುವ ಇಂಟರ್ನೆಟ್ ವೈರ್ ಕಿತ್ತು ನೋಡಿ. ವೈಫೈ ಇರಲಿ, ಇಂಟರ್ನೆಟ್ ಮಾತ್ರ ಬೇಡ. ಪೆಟ್ಟಿಗೆಯ ಪ್ಲಗ್ ತೆಗೆದು ಮತ್ತೆ ಹಾಕಿ. ಈಗ ಟಿವಿ ಶಬ್ದ ಬರುತ್ತಾ? ಶಬ್ದ ಜಾಸ್ತಿ ಕಡಿಮೆ ಮಾಡಲು ಆಗುತ್ತಾ? ಬ್ಲೂಟೂತ್ ಸೇರುತ್ತಾ? ಮನೆಯ ಕಂಪ್ಯೂಟರ್‌ನಲ್ಲಿರುವ ಹಾಡುಗಳು ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲೇ ಹಾಡು ಕಳಿಸುವ ವಿಧಾನ) ಮೂಲಕ ಬರುತ್ತಾ? ಇಷ್ಟೂ ಆದರೆ, ನಾಳೆ ಕಂಪನಿ ಬಾಗಿಲು ಹಾಕಿದರೂ ನಿಮ್ಮ ಹತ್ತಿರ ಕೊನೆಪಕ್ಷ ಒಂದು ಆಂಪ್ ಉಳಿಯುತ್ತದೆ. ಆಪ್ ತೆರೆಯದೇ ಏನೂ ಆಗದಿದ್ದರೆ ದಯವಿಟ್ಟು ಅವತ್ತೇ ವಾಪಸ್ ಕೊಡಿ.

ಕೊಳ್ಳುವ ಮುಂಚೆ ಆ ಕಂಪನಿಯ ಐದಾರು ವರ್ಷ ಹಳೆಯ ಮಾಡೆಲ್ ಒಂದನ್ನು ಹುಡುಕಿ, ಅದಕ್ಕೆ ಕೊನೆಯ ಅಪ್‌ಡೇಟ್ ಯಾವಾಗ ಬಂತು ನೋಡಿ. ಹೊಸ ಮಾಡೆಲ್‌ನ ಹೊಗಳಿಕೆಗಿಂತ ಅದು ಜಾಸ್ತಿ ಹೇಳುತ್ತದೆ. ಆಪ್‌ನ ಸರಾಸರಿ ಸ್ಟಾರ್ ನಂಬಬೇಡಿ, ಹೊಸ ಅಭಿಪ್ರಾಯಗಳನ್ನು ಮೊದಲು ಓದಿ. ರಿಮೋಟ್ ಅಥವಾ ನಾಬ್, ಲೈನ್-ಇನ್ (ಹೊರಗಿನ ಸಾಧನದ ಶಬ್ದ ಒಳಗೆ ತರುವ ವೈರ್ ಹಾಕುವ ಜಾಗ), ಲ್ಯಾನ್ ಕೇಬಲ್ ಹಾಕುವ ಜಾಗ, ಇವು ಇರಲೇಬೇಕು. ಲೈನ್-ಇನ್ ಇದ್ದರೆ, ಒಳಗಿನ ಸ್ಟ್ರೀಮರ್ ಕೆಟ್ಟಾಗ ಹೊರಗಿನಿಂದ ಚಿಕ್ಕದೊಂದನ್ನು ಸಿಕ್ಕಿಸಬಹುದು. ಟಿವಿಗೆ ಜೋಡಿಸುವುದಾದರೆ ಎಚ್‌ಡಿಎಂಐ ಎಆರ್‌ಸಿ (ಟಿವಿಯ ಶಬ್ದವನ್ನು ಪೆಟ್ಟಿಗೆಗೆ ತರುವ ಎಚ್‌ಡಿಎಂಐ ಜೋಡಣೆ) ಇರುವುದನ್ನೇ ನೋಡಿ, ಸಾಮಾನ್ಯವಾಗಿ ಟಿವಿ ರಿಮೋಟ್‌ನಿಂದಲೇ ಶಬ್ದ ಏರಿಸಬಹುದು.

ನಾನು ಈಗ ಬೇರೆ ಬೇರೆಯಾಗಿ ಇಟ್ಟಿದ್ದೇನೆ: ನಾಬ್ ಇರುವ ಒಂದು ಸಾದಾ ಆಂಪ್, ಪಕ್ಕದಲ್ಲಿ ಅಂಗೈಯಷ್ಟು ಸ್ಟ್ರೀಮರ್, ಮಧ್ಯೆ ಒಂದು ಆರ್‌ಸಿಎ ವೈರ್. ನೋಡಲು ಮೊದಲಿನಷ್ಟು ಚೆಂದ ಇಲ್ಲ. ಅಪ್ಪನಿಗೆ ಯಾರನ್ನೂ ಕೇಳುವ ಅವಶ್ಯಕತೆ ಇಲ್ಲ.

ನಿಮ್ಮ ಮನೆಯಲ್ಲಿ ಈಗಾಗಲೇ ಇಂಥ ಪೆಟ್ಟಿಗೆ ಇದ್ದು, ಅದು ನಡೆಯುತ್ತಿದ್ದರೆ, ಅಪ್‌ಡೇಟ್ ತಾನಾಗಿ ಆಗುವುದನ್ನು ನಿಲ್ಲಿಸಲು ಬಂದರೆ ನಿಲ್ಲಿಸಿ, ಬೇರೆಯವರ ಅನುಭವ ಓದಿ ಆಮೇಲೆ ಹಾಕಿ. ಕೆಟ್ಟರೆ, ಸಹಾಯವಾಣಿಯವರು ರೀಸೆಟ್ ಮಾಡಿ ಅಂದ ಕೂಡಲೇ ಮಾಡಬೇಡಿ. ‘ರೀಸೆಟ್ ಆದ ಮೇಲೆ ಈ ಮಾಡೆಲ್ ನಿಮ್ಮ ಸರ್ವರ್‌ನಲ್ಲಿ ಮತ್ತೆ ನೋಂದಣಿ ಆಗುತ್ತಾ?’ ಅಂತ ಬರವಣಿಗೆಯಲ್ಲಿ ಕೇಳಿ, ಉತ್ತರ ಬರುವ ತನಕ ಆ ಬಟನ್ ಮುಟ್ಟಬೇಡಿ.