ಕುಚ್ಚು ಕಟ್ಟುವ ಕೈಗೆ ಯಾವ ಭೂತಗನ್ನಡಿ?

ಅಮ್ಮನಿಗೆ ಈಗ 74. ಬೆಂಗಳೂರಿನ ಹನುಮಂತನಗರದ ಮನೆಯಲ್ಲಿ ಒಬ್ಬರೇ ಇದ್ದಾರೆ, ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟಿಕೊಡುತ್ತಾರೆ. ಹೋದ ವರ್ಷ ಅವರ ರೆಟಿನಾದ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪರದೆಯ, ನಡುಭಾಗ ಸವೆಯುತ್ತಿದೆ ಎಂದು ಗೊತ್ತಾಯಿತು. ಇನ್ನು ಕನ್ನಡಕದ ನಂಬರ್ ಏರಿಸಿ ಪ್ರಯೋಜನವಿಲ್ಲ, ದೊಡ್ಡದಾಗಿ ತೋರಿಸುವ ಸಾಧನವೂ ಒಳ್ಳೆಯ ಬೆಳಕೂ ಬೇಕು ಅಂದರು ಡಾಕ್ಟರ್. "ಕುಚ್ಚು ಸಾಕು ಬಿಡಮ್ಮ" ಅನ್ನುವ ಮಾತು ನಾಲಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಮೂರು ತಿಂಗಳು ಅವರ ಪಕ್ಕದಲ್ಲೇ ಕೂತು ಮೂರು ಸಾಧನ ನೋಡಿದೆ.

ಮೊದಲನೆಯದು ಕುತ್ತಿಗೆಗೆ ನೇತುಹಾಕಿಕೊಂಡು ಎದೆಗೆ ಆನಿಸುವ ಭೂತಗನ್ನಡಿ. ಹಗುರ, ಅಗ್ಗ, ಎರಡು ಕೈಯೂ ಖಾಲಿ. ಆದರೆ "ಉಸಿರು ಬಿಟ್ಟರೆ ಸೀರೆಯೇ ಅಲ್ಲಾಡಿದ ಹಾಗೆ ಕಾಣುತ್ತೆ ಕಣೇ" ಅಂದರು ಅಮ್ಮ. ಈಗ ಅದು ಅಕ್ಕಿ ಆರಿಸುವ ಕೆಲಸಕ್ಕೆ.

ಎರಡನೆಯದು ಫೋನ್ ಕ್ಯಾಮೆರಾ. ಮಾತ್ರೆಯ ಹಾಳೆಯ ಹಿಂದಿನ ತಾರೀಖು, ಕರೆಂಟ್ ಬಿಲ್ಲು, ಇವಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ: ಫೋಟೋ ತೆಗೆದು ಬೆರಳಲ್ಲಿ ಹಿಗ್ಗಿಸಿದರೆ ಆಯಿತು. ಕುಚ್ಚಿಗೆ ಮಾತ್ರ ಒಗ್ಗಲಿಲ್ಲ. ಸ್ಟ್ಯಾಂಡಿಗೆ ಸಿಕ್ಕಿಸಿ ಪರದೆ ನೋಡುತ್ತಾ ಹೊಲಿದರೆ, ಸೂಜಿ ಆಗಲೇ ಮುಂದೆ ಹೋಗಿರುತ್ತದೆ, ಚಿತ್ರ ಚೂರು ತಡವಾಗಿ ಬರುತ್ತದೆ. ಎರಡು ಸಲ ಬೆರಳಿಗೆ ಚುಚ್ಚಿಕೊಂಡ ಮೇಲೆ ನಾನೇ ನಿಲ್ಲಿಸಿದೆ.

ಮೂರನೆಯದು ಮೇಜಿನ ಅಂಚಿಗೆ ಕಚ್ಚಿಸುವ, ಸುತ್ತ ಎಲ್‌ಇಡಿ ಇರುವ ಮಸೂರದ ದೀಪ. ಎಸ್‌.ಪಿ. ರಸ್ತೆಯಲ್ಲಿ ಕೊಂಡೆ. ಜಾಸ್ತಿ ದೊಡ್ಡದಾಗಿ ಕಂಡರೆ ಒಳ್ಳೆಯದೆಂದು 8 ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ತಂದದ್ದು ನನ್ನ ತಪ್ಪು. ಡಯಾಪ್ಟರ್ ಹೆಚ್ಚಿದಷ್ಟೂ ಮಸೂರದ ಸಂಗಮದೂರ, ಅಂದರೆ ಅದರಡಿ ಕೆಲಸ ಇಟ್ಟುಕೊಳ್ಳಬಹುದಾದ ದೂರ, ಕಡಿಮೆ: 8ಕ್ಕೆ ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ. ದಾರ ಎಳೆದಾಗಲೆಲ್ಲ ಅಮ್ಮನ ಕೈ ಗಾಜಿಗೆ ತಗಲುತ್ತಿತ್ತು. ಬದಲಾಯಿಸಿ 3 ಡಯಾಪ್ಟರ್ ತಂದೆ. ಕಾಣುವುದು ಹೆಚ್ಚೆಂದರೆ ಒಂದೂಮುಕ್ಕಾಲು ಪಟ್ಟು, ಆದರೆ ಕೈಯಾಡಿಸಲು ಸುಮಾರು 33 ಸೆಂಟಿಮೀಟರ್ ಜಾಗ. ಉಳಿದದ್ದನ್ನು ಬೆಳಕು ಮಾಡಿತು. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣೊಳಗಿನ ಮಸೂರ ಹಳದಿಗಟ್ಟುತ್ತದೆ. 60ರ ಕಣ್ಣಿನ ರೆಟಿನಾಕ್ಕೆ 20ರ ಕಣ್ಣಿಗೆ ಸಿಗುವುದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೆಳಕಷ್ಟೇ ತಲುಪುತ್ತದೆ. ಹಳೆಯ ಹಳದಿ ಬಲ್ಬಿನಡಿ ಅಮ್ಮ ಮರೂನ್ ದಾರವನ್ನೂ ಕಾಫಿಪುಡಿ ಬಣ್ಣದ ದಾರವನ್ನೂ ಬೆರೆಸಿಬಿಡುತ್ತಿದ್ದರು, ಗಿರಾಕಿ ಮುಂದೆ ತಲೆತಗ್ಗಿಸುತ್ತಿದ್ದರು. ಬಿಳಿ ಬೆಳಕಲ್ಲಿ ಎರಡೂ ಬೇರೆ ಬೇರೆಯಾಗಿ ಕಂಡ ದಿನ ಅವರ ಮುಖ ನೋಡಬೇಕಿತ್ತು!

ಕುಂದೂ ಇದೆ. ಚಾಪೆ ಮೇಲೆ ಕೂತು ಕಟ್ಟುವವರಿಗೆ ಇದು ಆಗಿಬರುವುದಿಲ್ಲ, ಗಟ್ಟಿ ಅಂಚು ಬೇಕು. ನಾವು ಹಳೆಯ ಹೊಲಿಗೆ ಮೆಷಿನ್ನಿನ ಹಲಗೆಗೆ ಕಚ್ಚಿಸಿದೆವು. ಕರೆಂಟ್ ಹೋದಾಗಿನ ಚಿಂತೆ ಬೇಡವೆಂದು ಯುಪಿಎಸ್ ಪ್ಲಗ್ಗಿಗೆ ಹಾಕಿದೆ. ಸೂಜಿಗೆ ದಾರ ಪೋಣಿಸಲು ಮಾತ್ರ ಯಾವ ದೀಪವೂ ಸಾಲಲಿಲ್ಲ. ಚಿಕ್ಕಪೇಟೆಯಲ್ಲಿ ಸಿಗುವ, ತೆಳು ತಂತಿಯ ಕುಣಿಕೆ ಇರುವ ಪುಟ್ಟ ತಗಡೇ ಗತಿ.

ಹೊಲಿಗೆ, ಹೆಣಿಗೆ, ಕುಚ್ಚು ಮಾಡುವ ಹಿರಿಯರಿಗೆ ಕೊಳ್ಳುವುದಾದರೆ ಮೂರನೆಯದನ್ನೇ ತನ್ನಿ, 3 ಡಯಾಪ್ಟರಿನದನ್ನು. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಸೂಜಿ ದಾರವೂ ಜೊತೆಗಿರಲಿ. ಮನೆಯಲ್ಲಿ ಕಿಟಕಿಯ ಬಿಸಿಲು ಬೀಳುವ ಕಡೆ ಮಸೂರವನ್ನು ತೆರೆದಿಡಬೇಡಿ, ಬಟ್ಟೆಗೆ ಬೆಂಕಿ ಹತ್ತಬಹುದು. ಅಮ್ಮ ಕೆಲಸ ಮುಗಿಸಿ ಏಳುವಾಗ ಅದಕ್ಕೊಂದು ಹಳೇ ಬ್ಲೌಸ್ ಪೀಸ್ ಹೊದಿಸುತ್ತಾರೆ.