ಲೋಹಗಳ ಕುಟ್ಯತೆ ತೋರಿಸುವ ಮಾದರಿ ಪೆಟ್ಟಿಗೆ: ಎರಡು ತಿಂಗಳು ಬಳಸಿದ ಮೇಲೆ

ಬಡಿದರೆ ಒಡೆಯದೆ ತಗಡಾಗಿ ಹರಡುವ ಗುಣಕ್ಕೆ ಕುಟ್ಯತೆ ಎನ್ನುತ್ತಾರೆಂದು ಪಠ್ಯಪುಸ್ತಕದಲ್ಲಿ ಓದಿದವರು ಬಹಳ. ಕೈಯಾರೆ ಬಡಿದು ನೋಡಿದವರು ಕಡಿಮೆ. ಆ ಕೊರತೆ ತುಂಬಲೆಂದೇ ತಯಾರಾದ ಮಾದರಿ ಪೆಟ್ಟಿಗೆಯೊಂದನ್ನು ಮಗಳಿಗಾಗಿ ತರಿಸಿದೆ. ತಾಮ್ರ, ಅಲ್ಯೂಮಿನಿಯಂ, ತವರ, ಸತು, ಸೀಸಗಳ ಬೆರಳುದ್ದದ ಎರಡೆರಡು ತುಂಡುಗಳು, ಗಂಧಕದ ಒಂದು ಗಟ್ಟಿ, ಗಾಜುಗಳ ನಡುವೆ ಭದ್ರವಾಗಿಟ್ಟ ಚಿನ್ನದ ರೇಕು, ಸುತ್ತಿಗೆ ಮತ್ತು ಪುಟ್ಟ ಅಡಿಗಲ್ಲು ಇದರಲ್ಲಿವೆ.

ತಾಮ್ರದ ಪ್ರಯೋಗವೇ ಈ ಪೆಟ್ಟಿಗೆಯ ಜೀವಾಳ. ಮೊದಲ ಏಟುಗಳಿಗೆ ಅದು ಸಲೀಸಾಗಿ ಅಗಲವಾಗುತ್ತದೆ. ಬಡಿಯುತ್ತಾ ಹೋದಂತೆ ಸುತ್ತಿಗೆಯ ಸದ್ದು ಬದಲಾಗಿ, ಲೋಹ ಬಿಗಿದುಕೊಂಡು, ಕೊನೆಗೆ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮುಂಚೆಯೇ ನಿಲ್ಲಿಸಿ, ಮಂದಗೆಂಪಾಗುವವರೆಗೆ ಕಾಯಿಸಿ ಆರಿಸಿದರೆ ಅದೇ ತುಂಡು ಮತ್ತೆ ಮೆತ್ತಗಾಗುತ್ತದೆ. ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುವುದರಿಂದ ಲೋಹ ಹರಡುತ್ತದೆ, ಜಾರುತ್ತಾ ಹರಳಿನೊಳಗಿನ ದೋಷಗಳು ಪರಸ್ಪರ ಸಿಕ್ಕಿಕೊಂಡು ಅದು ಗಟ್ಟಿಯಾಗುತ್ತದೆ, ಶಾಖ ತಗುಲಿದಾಗ ಹೊಸ ಹರಳುಗಳು ಹುಟ್ಟಿ ಆ ಸಿಕ್ಕು ಬಿಡುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಮಗಳ ಮಣಿಕಟ್ಟು ಅರ್ಧ ತಿಳಿದುಕೊಂಡಿತ್ತು. ಸೀಸವಾದರೋ ಎಷ್ಟು ಬಡಿದರೂ ಹಾಗೆ ಬಿಗಿಯುವುದಿಲ್ಲ. ಅದು ಹದಗೊಳ್ಳಲು ಕೋಣೆಯ ಶಾಖವೇ ಸಾಕು. ಗಂಧಕ ಒಂದೇ ಏಟಿಗೆ ಪುಡಿಯಾಯಿತು.

ನನ್ನ ಆಕ್ಷೇಪವಿರುವುದು ಕೈಪಿಡಿಯ ಬಗ್ಗೆ. ಸತುವನ್ನೂ ತಾಮ್ರದ ಸಾಲಿಗೇ ಸೇರಿಸಿ, ಬಡಿದರೆ ತಗಡಾಗುತ್ತದೆ ಎಂದಷ್ಟೇ ಅದು ಬರೆದಿದೆ. ನಾಲ್ಕನೆಯ ಏಟಿಗೇ ತುಂಡು ಬಿರಿದು, ಒಡೆದ ಮುಖದಲ್ಲಿ ನೀಲಿಬೂದು ಹರಳುಗಳು ಮಿನುಗಿದವು; ತಪ್ಪು ತನ್ನದೇ ಎಂದುಕೊಂಡು ಮಗಳು ಮುಖ ಸಪ್ಪಗೆ ಮಾಡಿಕೊಂಡಳು. ಸತುವಿನ ಹರಳಿನಲ್ಲಿ ಪದರಗಳು ಜಾರಲು ದಾರಿಗಳೇ ಕಡಿಮೆ. ಸುಮಾರು 100ರಿಂದ 150 ಡಿಗ್ರಿ ಸೆಲ್ಸಿಯಸ್ ನಡುವೆ ಅದು ಚೆನ್ನಾಗಿ ಮಣಿಯುತ್ತದೆ, 200 ಡಿಗ್ರಿ ದಾಟಿದರೆ ಮತ್ತೆ ಪೆಡಸಾಗುತ್ತದೆ. ಎರಡನೆಯ ತುಂಡನ್ನು ಓವನ್ನಿನಲ್ಲಿ 130 ಡಿಗ್ರಿಗೆ ಕಾಯಿಸಿ, ಆರುವ ಮೊದಲೇ ಬಡಿದಾಗ ಅದು ಬಿರಿಯದೆ ಹರಡಿತು. ಕುಟ್ಯತೆಯು ಧಾತುವಿಗೆ ಹುಟ್ಟಿನಿಂದ ಅಂಟಿದ ಒಂದೇ ಅಳತೆಯಲ್ಲ, ಉಷ್ಣತೆಯೊಂದಿಗೂ ಈಗಾಗಲೇ ತಿಂದ ಏಟುಗಳೊಂದಿಗೂ ಬದಲಾಗುತ್ತದೆ ಎಂಬ ಮಾತನ್ನು ಕಲಿಸುವ ಪೆಟ್ಟಿಗೆಯೇ ಮುಚ್ಚಿಡಬಾರದಿತ್ತು.

ಚಿನ್ನದ ರೇಕಿಗೆ ಮಾತ್ರ ಮನಸೋತೆ. 1 ಗ್ರಾಂ ಚಿನ್ನವನ್ನು ಸುಮಾರು 1 ಚದರ ಮೀಟರಿನಷ್ಟು ಹರಡಬಹುದೆಂದು ಓದಿದ್ದರೂ, ರೇಕನ್ನು ದೀಪಕ್ಕೆ ಅಡ್ಡ ಹಿಡಿದಾಗ ಹಳದಿ ಲೋಹದ ಮೂಲಕ ಹಸಿರು ಬೆಳಕು ಸೋಸಿ ಬಂದದ್ದನ್ನು ಕಂಡು ಇಬ್ಬರೂ ಸುಮ್ಮನೆ ನಿಂತೆವು.

ಪ್ರೌಢಶಾಲೆಯ ಮಕ್ಕಳಿರುವವರು ಧಾರಾಳವಾಗಿ ಕೊಳ್ಳಬಹುದು. ತಾಮ್ರ ಕಾಯಿಸುವಾಗ ಹಿರಿಯರೊಬ್ಬರು ಜೊತೆಗಿರಲಿ. ಸೀಸ ವಿಷಕಾರಿಯಾದರೂ ಪೆಟ್ಟಿಗೆಯಲ್ಲಿ ಕೈಗವಸುಗಳಿಲ್ಲ, ಅವನ್ನು ನೀವೇ ಹೊಂದಿಸಿಕೊಳ್ಳಬೇಕು.