ಗರ್ಭಚೀಲ ತೆಗೆಯುವ ಮೊದಲು ಒಳಪದರದ ತುಣುಕು ನೋಡಿದರು: ವಿದ್ಯಾನಗರದ ಒಂದು ಸ್ತ್ರೀರೋಗ ಚಿಕಿತ್ಸಾಲಯ

ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ರಕ್ತ ಕಾಣಿಸಿಕೊಂಡಿದ್ದರಿಂದ ನಮ್ಮ ದೊಡ್ಡವ್ವನನ್ನು ಗದಗಿನಿಂದ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದಿದ್ದೆವು. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ 9 ಮಿಲಿಮೀಟರ್ ಎಂದು ಬಂದಿದ್ದನ್ನು ನೋಡಿ, ಅದಕ್ಕೂ ಮೊದಲು ಬೇರೊಬ್ಬ ವೈದ್ಯರು ಚೀಲ ತೆಗೆಸಿಬಿಡಿ ಎಂದಿದ್ದರು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಹೊಸ ಮಾತೇನಲ್ಲ.

ಇಲ್ಲಿನ ವೈದ್ಯೆ ಅವಸರಪಡಲಿಲ್ಲ. ಇಂಥ ಸ್ರಾವವಿದ್ದಾಗ ಪದರ 4 ಮಿಲಿಮೀಟರಿಗಿಂತ ದಪ್ಪವಿದ್ದರೆ ತುಣುಕು ತೆಗೆದು ಪರೀಕ್ಷಿಸಲೇಬೇಕೆಂದೂ, ಆದರೆ ದಪ್ಪವೊಂದನ್ನೇ ನೋಡಿ ರೋಗ ಇಂಥದೆಂದು ಹೇಳಲಾಗದೆಂದೂ, ಹೀಗೆ ರಕ್ತ ಕಂಡ ನೂರು ಮಹಿಳೆಯರಲ್ಲಿ ಸುಮಾರು ಹತ್ತು ಜನರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆಂದೂ ವಿವರಿಸಿದರು. ಅರಿವಳಿಕೆ ಕೊಡದೆ ತೆಳ್ಳನೆಯ ನಳಿಕೆಯಿಂದಲೇ ತುಣುಕು ತೆಗೆದರು. ಮುಟ್ಟಿನ ಹೊಟ್ಟೆನೋವಿನಷ್ಟು ನೋವಾಯಿತೆಂದು ದೊಡ್ಡವ್ವ ಹೇಳಿದರು.

ವರದಿಯಲ್ಲಿ ಬಂದಿದ್ದು ಅಸಹಜ ಜೀವಕೋಶಗಳಿಲ್ಲದೆ ಒಳಪದರ ಅತಿಯಾಗಿ ಬೆಳೆಯುವ ಹೈಪರ್‌ಪ್ಲೇಸಿಯಾ. ಮೈತೂಕ ಹೆಚ್ಚಿರುವವರಲ್ಲಿ ಕೊಬ್ಬಿನ ಅಂಗಾಂಶವೇ ಪದರ ಬೆಳೆಸುವ ಈಸ್ಟ್ರೊಜೆನ್ ಹಾರ್ಮೋನನ್ನು ತಯಾರಿಸುತ್ತದೆ, ಅದನ್ನು ಹದ್ದಿನಲ್ಲಿಡುವ ಪ್ರೊಜೆಸ್ಟರಾನ್ ಮುಟ್ಟು ನಿಂತ ಮೇಲೆ ಇರುವುದಿಲ್ಲ, ಹೀಗಾಗಿ ಪದರ ಬೆಳೆಯುತ್ತಲೇ ಹೋಗುತ್ತದೆ ಎಂದು ಅವರು ಚಿತ್ರ ಬರೆದು ತೋರಿಸಿದ ಮೇಲೆಯೇ ನಮಗೆ ಕಾರಣ ತಿಳಿದದ್ದು. ಈ ಬಗೆಯದು 20 ವರ್ಷಗಳಲ್ಲಿ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆಯಾದ್ದರಿಂದ, ಪ್ರೊಜೆಸ್ಟರಾನಿನಂತೆಯೇ ಕೆಲಸ ಮಾಡುವ ಲೆವೊನಾರ್‌ಜೆಸ್ಟ್ರೆಲ್ ಹಾರ್ಮೋನು ಬಿಡುವ ಸಾಧನವನ್ನು ಗರ್ಭಕೋಶದೊಳಗೆ ಅಳವಡಿಸಿ, ಆರು ತಿಂಗಳಿಗೊಮ್ಮೆ ತುಣುಕು ಪರೀಕ್ಷೆಗೆ ಬರಹೇಳಿದ್ದಾರೆ. ಅಸಹಜ ಕೋಶಗಳು ಕಂಡಿದ್ದರೆ ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಿದ್ದೆ ಎಂದೂ ಮುಚ್ಚುಮರೆಯಿಲ್ಲದೆ ತಿಳಿಸಿದರು.

ವೈದ್ಯೆಯ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ವ್ಯವಸ್ಥೆಯ ಬಗ್ಗೆ ಇಲ್ಲ. ಸಮಯ ಗೊತ್ತುಮಾಡಿಕೊಂಡು ಹೋದರೂ ಕಾಯುವುದು ತಪ್ಪುವುದಿಲ್ಲ, ಸಾಧನದ ಬೆಲೆ ಬಿಲ್ಲು ಕೈಗೆ ಬಂದಾಗಲೇ ಗೊತ್ತಾಗುತ್ತದೆ. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ, ಒಬ್ಬರ ತಪಾಸಣೆ ಮುಗಿಯುವ ಮೊದಲೇ ಮುಂದಿನವರನ್ನು ಒಳಗೆ ಕರೆದು ಕೂರಿಸುತ್ತಾರೆ. ಸ್ವಂತ ಮಕ್ಕಳ ಮುಂದೆಯೂ ಈ ವಿಷಯ ಎತ್ತಲು ಹಿಂಜರಿಯುವ ಹಿರಿಯ ಹೆಣ್ಣುಮಗಳು ಅಪರಿಚಿತರೆದುರು ಬಾಯಿ ಬಿಟ್ಟಾಳೆಯೇ?

ಹೋಗುವವರು ಹಳೆಯ ಸ್ಕ್ಯಾನ್ ವರದಿಯನ್ನೂ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ಸ್ತನ ಕ್ಯಾನ್ಸರಿಗಾಗಿ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು ಅದನ್ನು ಮೊದಲೇ ಹೇಳಬೇಕು, ಏಕೆಂದರೆ ಆ ಮಾತ್ರೆಯಿಂದಲೂ ಒಳಪದರ ದಪ್ಪವಾಗುತ್ತದೆ.